ಇಂಗಿನ ಡಬ್ಬಿಯ ಅತ್ತಿಗೆ

ನಮ್ಮ ಹೋಟೆಲಿನ ಗಲ್ಲಾದ ಹಿಂದಿನ ಗೋಡೆಯಲ್ಲಿ ಮೂರು ಮೊಳೆಗಳಿವೆ. ಮೊದಲನೆಯದರಲ್ಲಿ ಮಾವನ ಫೋಟೋ, ಎರಡನೆಯದರಲ್ಲಿ ಅತ್ತೆಯದು. ಇಬ್ಬರಿಗೂ ಗಂಧದ ಹಾರ. ಮೂರನೆಯ ಮೊಳೆಯನ್ನು ನನ್ನ ಗಂಡ ಅತ್ತಿಗೆಯ ಹದಿಮೂರನೆಯ ದಿನದ ಊಟ ಮುಗಿದ ಮರುದಿನವೇ ಹೊಡೆದರು. ಅದು ಬಹಳ ದಿನ ಖಾಲಿಯಾಗಿತ್ತು. ಖಾಲಿ ಉಳಿಯಲು ಕಾರಣ ನಾನು.

ಅತ್ತಿಗೆ ಎಂದರೆ ಇವರ ಅಕ್ಕ. ಅಹಮದಾಬಾದಿನ ನರೋಡಾದಲ್ಲಿ, ಕಾರ್ಖಾನೆಗಳ ಮಗ್ಗುಲಲ್ಲಿದ್ದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡಿ, ನಿವೃತ್ತರಾದ ಮೇಲೆ ಬರೋಡಾಕ್ಕೆ ನಮ್ಮ ಮನೆಗೆ ಬಂದರು. ಆಲ್ಕಾಪುರಿಯ ಒಂದು ಅಡ್ಡರಸ್ತೆಯಲ್ಲಿ ಕೆಳಗೆ ಹೋಟೆಲು, ಮೇಲೆ ಮನೆ. ಮದುವೆ ಯಾಕೆ ಆಗಲಿಲ್ಲ ಎಂದು ಊರಿನಿಂದ ಬಂದ ನೆಂಟರು ಕೇಳುವುದಿತ್ತು. ಅತ್ತಿಗೆಯದು ಒಂದೇ ಉತ್ತರ: "ಗಂಡಸರ ಒಳಗೆಲ್ಲ ನೋಡಿ ಆಗಿದೆ ಮಾರಾಯ್ತಿ. ಎಲ್ಲರದ್ದೂ ಒಂದೇ. ವಿಶೇಷ ಎಂತದೂ ಇಲ್ಲ."

ಮೊಳೆಗೆ ಹಾಕಲು ಇವರು ಸ್ಟುಡಿಯೋದಲ್ಲಿ ಮಾಡಿಸಿ ತಂದದ್ದು ಆಸ್ಪತ್ರೆಯ ಗುರುತಿನ ಚೀಟಿಯ ಚಿತ್ರವನ್ನು. ಅಂಗೈಯಲ್ಲಿ ಮುಚ್ಚಬಹುದಾಗಿದ್ದ ಅದನ್ನು ತಟ್ಟೆಯಷ್ಟು ದೊಡ್ಡದು ಮಾಡಿದ್ದರು. ಹಿಂದೆ ನೀಲಿ ಪರದೆ ಬಂದಿತ್ತು, ಮುಖಕ್ಕೆ ಬಿಳುಪು ಬಂದಿತ್ತು, ಗಲ್ಲದ ಮೇಲಿನ ಮಚ್ಚೆ ಹೋಗಿತ್ತು. ಹದಿಮೂರನೆಯ ದಿನ ಅದರ ಮುಂದೆಯೇ ಹೂ ಇಟ್ಟು ಕೈ ಮುಗಿದೆವು. ಆದರೆ ಅದನ್ನು ಗೋಡೆಗೆ ತೂಗಿಸಲು ಹೊರಟಾಗ, ಇದು ಅತ್ತಿಗೆ ಅಲ್ಲ, ಇದು ಬೇಡ ಎಂದೆ. ಬೇರೆ ಒಂದು ಉಂಟು, ಅವರೇ ಡಬ್ಬಿಯಲ್ಲಿ ತೆಗೆದದ್ದು, ಅದನ್ನು ಹಾಕುವ ಎಂದೆ. ನಾನು ಗಲ್ಲಾದ ಹತ್ತಿರ ನಿಂತು ಬೇಡ ಎಂದದ್ದನ್ನು ಇವರು ಅದೇ ಮೊದಲ ಸಲ ಕೇಳಿದ್ದಿರಬೇಕು. ಸುತ್ತಿಗೆ ಹಿಡಿದುಕೊಂಡೇ ನನ್ನನ್ನು ನೋಡಿದರು.

ಡಬ್ಬಿಯ ಚಿತ್ರ ಗೋಡೆಗೆ ಹಾಕುವಂಥದ್ದಲ್ಲ ಎಂದು ಇವರ ವಾದ. ಅದರಲ್ಲಿ ನ್ಯಾಯವೂ ಇತ್ತು. ಆದರೆ ಅದನ್ನು ಹೇಳಬೇಕಾದರೆ ಡಬ್ಬಿಯ ಸಂಗತಿ ಮೊದಲು ಹೇಳಬೇಕು.

ಅತ್ತಿಗೆ ಬರೋಡಾಕ್ಕೆ ಬರುವಾಗ ಒಂದು ಸೂಟ್‌ಕೇಸಿನಲ್ಲಿ ಬಟ್ಟೆ, ಎರಡು ಸೂಟ್‌ಕೇಸಿನಲ್ಲಿ ಎಕ್ಸ್‌ರೇ ಫಿಲ್ಮು ತಂದಿದ್ದರು. ಅವರ ಆಸ್ಪತ್ರೆಯಲ್ಲಿ ಕಂಪ್ಯೂಟರಿನ ಎಕ್ಸ್‌ರೇ ಬಂದ ಮೇಲೆ ಹಳೆಯ ಫಿಲ್ಮಿನ ಪೆಟ್ಟಿಗೆಗಳು ಯಾರಿಗೂ ಬೇಡವಾಗಿದ್ದವಂತೆ. ಕೇಳಿದೆ, ಕೊಟ್ಟರು ಎಂದರು. ಅದರಲ್ಲಿ ಎಂತ ಮಾಡುದು ಎಂದು ಇವರು ಕೇಳಿದರು. ಫೋಟೋ ತೆಗೆಯುವುದು ಎಂದರು ಅತ್ತಿಗೆ. ಕ್ಯಾಮರಾ? ನಿನ್ನ ಹೋಟೆಲಿನಲ್ಲಿ ಇಷ್ಟು ಡಬ್ಬಿ ಉಂಟಲ್ಲ ಎಂದರು.

ಮಾರನೆಯ ದಿನ ಇಂಗಿನ ಡಬ್ಬಿ ಕಾಣೆಯಾಯಿತು. ಅಡುಗೆಯ ಭಟ್ಟರು ಸಾರಿಗೆ ಒಗ್ಗರಣೆ ಹಾಕಲು ಕೈ ಚಾಚಿದರೆ, ಡಬ್ಬಿ ಇದ್ದ ಜಾಗದಲ್ಲಿ ಇಂಗು ಪೇಪರಿನಲ್ಲಿ ಕೂತಿತ್ತು. ಅತ್ತಿಗೆ ಡಬ್ಬಿಯ ಒಳಗೆ ಕಪ್ಪು ಬಣ್ಣ ಬಳಿದು, ಬದಿಯಲ್ಲಿ ಕಿಟಕಿಯಷ್ಟು ಕತ್ತರಿಸಿ, ಅಲ್ಲಿಗೆ ತಂಪು ಪಾನೀಯದ ಕ್ಯಾನಿನ ತೆಳು ತಗಡು ಅಂಟಿಸಿ, ಆ ತಗಡಿಗೆ ನನ್ನ ಹೊಲಿಗೆಯ ಸೂಜಿಯ ತುದಿಯಿಂದ ಒಂದು ತೂತು ಮಾಡಿದ್ದರು. ತೂತಿನ ಮೇಲೆ ಕರೆಂಟಿನವರು ಸುತ್ತುವ ಕಪ್ಪು ಟೇಪು. ಅದನ್ನು ಎತ್ತಿದರೆ ಕ್ಯಾಮರಾದ ಕಣ್ಣು ಬಿಟ್ಟ ಹಾಗೆ, ಅಂಟಿಸಿದರೆ ಮುಚ್ಚಿದ ಹಾಗೆ. ಕನ್ನಡಿ ಇಲ್ಲ, ಲೆನ್ಸು ಇಲ್ಲ, ಬ್ಯಾಟರಿ ಇಲ್ಲ. ಡಬ್ಬಿ ಎಷ್ಟು ತೊಳೆದರೂ ಚಿತ್ರಗಳಿಗೆ ಇಂಗಿನ ವಾಸನೆ. ಈಗಲೂ ಆ ಲಕೋಟೆ ಬಿಚ್ಚಿದರೆ ಮೊದಲು ಮೂಗಿಗೆ ಬರುವುದು ಅದೇ.

ಈ ಮರುಳು ಎಲ್ಲಿಂದ ಹಿಡಿಯಿತು ಎಂದು ಒಮ್ಮೆ ಕೇಳಿದ್ದೆ. ನರೋಡಾದ ಆಸ್ಪತ್ರೆಯಲ್ಲಿ ಫಿಲ್ಮು ತೊಳೆಯುವ ಕತ್ತಲೆ ಕೋಣೆಯ ತಗಡಿನ ಬಾಗಿಲಿಗೆ ಒಂದು ಮೊಳೆಯ ತೂತಿತ್ತಂತೆ. ಕೆಲಸ ಮಾಡುವಾಗ ಅದಕ್ಕೆ ಗಾಯದ ಪಟ್ಟಿ ಅಂಟಿಸುತ್ತಿದ್ದರು. ಮಧ್ಯಾಹ್ನ ಡಬ್ಬಿಯ ಊಟ ಮಾಡುವಾಗ ಪಟ್ಟಿ ತೆಗೆಯುತ್ತಿದ್ದರು. ಎದುರಿನ ಗೋಡೆಯ ಮೇಲೆ ರಸ್ತೆಯಾಚೆಯ ಚಹಾದ ಗಾಡಿ, ಗಾಡಿಯವನು, ಲೋಟ ಹಿಡಿದ ಕಾರ್ಮಿಕರು, ಎಲ್ಲರೂ ತಲೆಕೆಳಗಾಗಿ ಬರುತ್ತಿದ್ದರಂತೆ, ಬಣ್ಣದಲ್ಲಿ. "ಟಿವಿ ಬರುವ ಮೊದಲೇ ನಾನು ಟಿವಿ ನೋಡಿದವಳು" ಎನ್ನುತ್ತಿದ್ದರು. ಆ ಚಹಾದವನು ತಲೆಕೆಳಗಾಗಿ ನಿಂತರೂ ಒಂದು ಹನಿ ಚೆಲ್ಲುತ್ತಿರಲಿಲ್ಲ ಎಂದು ಹೊಗಳುತ್ತಿದ್ದರು.

ಕತ್ತಲೆ ಕೋಣೆ ನಮ್ಮ ಮನೆಯಲ್ಲೂ ಬೇಕಾಯಿತು. ನಮ್ಮಲ್ಲಿ ಕಿಟಕಿ ಇಲ್ಲದ ಕೋಣೆ ಒಂದೇ, ದೇವರ ಕೋಣೆ. ಅಲ್ಲಿ ದೇವರ ಪಟದ ಮೇಲೆ ಒಂದು ಕೆಂಪು ಜೀರೋ ಬಲ್ಬು ಉರಿಯುತ್ತಿತ್ತು, ಅತ್ತೆಯ ಕಾಲದಿಂದ. ಅತ್ತಿಗೆ ಬಂದ ದಿನವೇ ಕೈ ಮುಗಿಯಲು ಒಳಗೆ ಹೋದವರು, ಕೈ ಮುಗಿಯುವುದು ಬಿಟ್ಟು ಬಲ್ಬನ್ನೇ ನೋಡುತ್ತ ನಿಂತರು. ಅವರ ಫಿಲ್ಮಿಗೆ ಕೆಂಪು ಕಾಣುವುದಿಲ್ಲವಂತೆ. ನಮಗೆ ಬೆಳಕು, ಅದಕ್ಕೆ ಕತ್ತಲು. ಅತ್ತೆ ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ. ಇಲ್ಲವಾದ್ದರಿಂದ ಒಪ್ಪಿಗೆ ಕೊಡಬೇಕಾದವಳು ನಾನು. ಬೆಳಗಿನ ಪೂಜೆ ಆಗಿ, ಮಧ್ಯಾಹ್ನದ ಊಟದ ಗಿರಾಕಿಗಳು ಹೋದ ಮೇಲೆ ಕೋಣೆ ನಿಮ್ಮದು ಎಂದೆ. ಬಾಗಿಲು ಹಾಕಿಕೊಳ್ಳುವ ಮೊದಲು ಅತ್ತಿಗೆ ದೇವರ ಕಡೆ ತಿರುಗಿ, ಆಸ್ಪತ್ರೆಯಲ್ಲಿ ರೋಗಿಗಳಿಗೆ ಹೇಳುತ್ತಿದ್ದುದನ್ನೇ ಗುಜರಾತಿಯಲ್ಲಿ ಹೇಳುತ್ತಿದ್ದರು: "ಶ್ವಾಸ್ ರೋಕೋ. ಹಲ್ಶೋ ನಹಿ." ಉಸಿರು ಹಿಡಿಯಿರಿ, ಅಲ್ಲಾಡಬೇಡಿ.

ಒಂದು ದಿನ ಇವರು ಹೊಸ ಸ್ಕೂಟರಿಗೆ ಹಚ್ಚಲೆಂದು ಕುಂಕುಮ ತೆಗೆಯಲು ಬಾಗಿಲು ದೂಡಿಬಿಟ್ಟರು. ಒಳಗೆ ಅತ್ತಿಗೆ ಕೂಗಿದ್ದು ಕೆಳಗೆ ಹೋಟೆಲಿನವರೆಗೆ ಕೇಳಿತು. ಆ ದಿನದ ಫಿಲ್ಮು ಹೊಗೆ ಹಿಡಿದ ಪಾತ್ರೆಯ ಹಾಗೆ ಪೂರಾ ಕಪ್ಪು. ಮರುದಿನದಿಂದ ದೇವರ ಮುಂದಿನ ಗಂಟೆ ಬಾಗಿಲ ಹೊರಗೆ ಬಂತು. ಗಂಟೆ ಹೊಡೆದು, ಒಳಗಿನಿಂದ "ಆಯ್ತು ಬಾ" ಎಂದು ಕೇಳಿದ ಮೇಲೆಯೇ ಒಳಗೆ ಹೋಗಬೇಕು. ತನ್ನ ಮನೆಯ ದೇವರನ್ನು ನೋಡಲು ಪರ್ಮಿಷನ್ ಕೇಳಬೇಕಾಯಿತು ಎಂದು ಇವರು ಸಿಕ್ಕವರಿಗೆಲ್ಲ ಹೇಳಿಕೊಂಡರು. ಆದರೆ ಗಂಟೆ ಹೊಡೆಯುವುದು ಮಾತ್ರ ತಪ್ಪಿಸಲಿಲ್ಲ.

ಫಿಲ್ಮು ತೊಳೆಯಲು ಪೇಟೆಯ ಮದ್ದು ತರುತ್ತಿರಲಿಲ್ಲ. ಕಾಫಿಯಲ್ಲೇ ಆಗುತ್ತದೆ ಎಂದು ಎಲ್ಲೋ ಕಲಿತಿದ್ದರು. ಕಾಫಿ, ಗುಜರಾತಿಗಳು ಹಪ್ಪಳದ ಹಿಟ್ಟಿಗೆ ಹಾಕುವ ಸೋಡಾದಂಥ ಕ್ಷಾರ, ಮೆಡಿಕಲ್ಲಿನ ಸಿ ವಿಟಮಿನ್ ಗುಳಿಗೆಯ ಪುಡಿ, ಇಷ್ಟೇ. ಅದರ ವಾಸನೆ ಹೇಳಲಿಕ್ಕಿಲ್ಲ. ಚಿತ್ರವನ್ನು ಕೊನೆಗೆ ನಿಲ್ಲಿಸಲು ಬೇಕಾದ ಹೈಪೋ ಒಂದನ್ನು ಮಾತ್ರ ಅಂಗಡಿಯಿಂದ ತರುತ್ತಿದ್ದರು. ಎಕ್ಸ್‌ರೇ ಫಿಲ್ಮಿಗೆ ಎರಡೂ ಬದಿಯಲ್ಲಿ ಮದ್ದಿನ ಲೇಪ ಇರುತ್ತದೆ. ಸ್ಟೀಲಿನ ತಟ್ಟೆಯಲ್ಲಿ ಅದ್ದಿದರೆ ಕೆಳಬದಿ ಗೀರಿ, ಚಿತ್ರದ ತುಂಬ ಮಳೆ ಬಂದ ಹಾಗೆ ಗೆರೆಗಳು. ಅದಕ್ಕೆ ತಟ್ಟೆಗೆ ಬಾಳೆಲೆ ಹಾಸಿದರು. ಹೋಟೆಲಿನ ಊಟದ ಎಲೆಯ ತುದಿ ಕತ್ತರಿಸಿ ಹಾಸಿ, ಅದರ ಮೇಲೆ ಕಾಫಿ ಹೊಯ್ದು, ಕಾಫಿಯಲ್ಲಿ ಫಿಲ್ಮು ತೇಲಿಸುವರು. ಗೆರೆ ಬೀಳುವುದು ನಿಂತಿತು. ಭಟ್ಟರು ಮಾತ್ರ, ಬಾಳೆಲೆಯ ಮೇಲೆ ಕಾಫಿ ಬಡಿಸಿದ್ದನ್ನು ಈ ಜನ್ಮದಲ್ಲಿ ನೋಡಬೇಕಾಯಿತಲ್ಲ ಎಂದು ತಲೆ ಚಚ್ಚಿಕೊಂಡರು.

ಈ ಕಾಫಿಯಿಂದ ಒಂದು ಜಗಳವೇ ಆಯಿತು. ಅತ್ತಿಗೆ ಮೊದಮೊದಲು ಹೋಟೆಲಿನ ಕಾಫಿ ಪುಡಿಯನ್ನೇ ಬಳಸುತ್ತಿದ್ದರು. ಚಿತ್ರಗಳೆಲ್ಲ ಸಪ್ಪೆ, ನೀರು ಹೆಚ್ಚಾದ ಸಾರಿನ ಹಾಗೆ. ತೂತು ಚಿಕ್ಕದಾಯಿತೋ ಎಂದು ಸೂಜಿ ಬದಲಿಸಿದರು. ಫಿಲ್ಮು ಹಳತಾಯಿತೋ ಎಂದು ಬೇರೆ ಪೆಟ್ಟಿಗೆ ಒಡೆದರು. ಕೊನೆಗೆ ಒಂದು ದಿನ ಮೂಲೆಯಂಗಡಿಯಿಂದ ಪ್ಯಾಕೆಟ್ಟಿನ ಕಾಫಿ ತಂದು ನೋಡಿದರೆ, ಅದೇ ಫಿಲ್ಮು, ಅದೇ ತೂತು, ಕಡುಗಪ್ಪಾಗಿ ಎದ್ದು ಬಂತು. ಆ ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಎರಡು ಫಿಲ್ಮನ್ನೂ ಇವರ ತಟ್ಟೆಯ ಪಕ್ಕ ಇಟ್ಟರು.

"ನೋಡು. ಇದು ಕಾಫಿ. ಇದು ನಿನ್ನ ಕಾಫಿ. ಚಿಕೋರಿ ಎಷ್ಟು ಹಾಕ್ತೀ ಹೇಳು."

ಇವರು ತುತ್ತು ಕೈಯಲ್ಲೇ ಹಿಡಿದು, ಸ್ವಲ್ಪ ಹಾಕದಿದ್ದರೆ ಇಲ್ಲಿಯವರಿಗೆ ಬಣ್ಣ ಸಾಕಾಗುವುದಿಲ್ಲ, ಎಲ್ಲರೂ ಹಾಕುತ್ತಾರೆ, ಪುಡಿಯ ರೇಟು ನೋಡಿದ್ದೀಯಾ ಎಂದು ಏನೇನೋ ಹೇಳಿದರು. ಹಾಕು, ಬೇಡ ಎನ್ನಲಿಲ್ಲ, ಹೊರಗೆ ಬೋರ್ಡಿನಲ್ಲಿ ಶುದ್ಧ ಕಾಫಿ ಎಂದು ಯಾಕೆ ಬರೆಸಿದ್ದೀ ಎಂದು ಅತ್ತಿಗೆ ಕೇಳಿದರು. ಆ ವಾರ ಬೋರ್ಡಿನಲ್ಲಿ ಶುದ್ಧ ಎನ್ನುವುದರ ಮೇಲೆ ಹಳದಿ ಬಣ್ಣ ಬಿತ್ತು. ಈಗಲೂ ನಮ್ಮ ಬೋರ್ಡಿನಲ್ಲಿ ಕಾಫಿಯ ಮುಂದೆ ಒಂದು ಖಾಲಿ ಜಾಗ ಇದೆ. ಗಿರಾಕಿ ಒಬ್ಬರೂ ಕಡಿಮೆಯಾಗಲಿಲ್ಲ.

ಇಷ್ಟು ಹೇಳಿದರೆ ಅತ್ತಿಗೆ ಎಲ್ಲವನ್ನೂ ತಿಳಿದವರು ಎಂದು ಯಾರಾದರೂ ಭಾವಿಸಬಹುದು. ಹಾಗಲ್ಲ. ಅವರು ಕೆಡಿಸಿದ್ದೇ ಹೆಚ್ಚು. ಮೇಲಿನ ಮಹಡಿಯ ಗುಜರಾತಿ ಮನೆಯಲ್ಲಿ ಮೊಮ್ಮಗಳ ಮದುವೆ ನಿಶ್ಚಯವಾಯಿತು. ಆ ಹುಡುಗಿಗೆ ಅತ್ತಿಗೆಯ ಡಬ್ಬಿ ಎಂದರೆ ಇಷ್ಟ. ಮದುವೆಯ ಕೆಂಪು ಘರ್‌ಚೋಳಾ ಸೀರೆ ಉಟ್ಟು, ಒಡವೆ ಹಾಕಿ, ಮಾಳಿಗೆಯಲ್ಲಿ ಬಿಸಿಲಿಗೆ ಕೂತಳು. ಅಲ್ಲಾಡದೆ ಕೂತಳು, ಪಾಪ. ಸಂಜೆಗೆ ತೊಳೆದ ಫಿಲ್ಮನ್ನು ಹುಡುಗಿ ಮೊಬೈಲಿನಲ್ಲಿ ಕಪ್ಪು ಬಿಳುಪು ತಿರುಗಿಸಿ ನೋಡಿದಳು. ಸೀರೆ ಇದ್ದಿಲಿನ ಹಾಗೆ ಕಪ್ಪು. ಹಣೆಯ ಕುಂಕುಮ ಕಪ್ಪು, ತುಟಿ ಕಪ್ಪು. ಕೆಂಪು ಕಾಣದ ಫಿಲ್ಮಿಗೆ ಕೆಂಪು ಸೀರೆ ತೋರಿಸಿದರೆ ಇನ್ನೇನು ಬರುತ್ತದೆ? ದೇವರ ಕೋಣೆಯಲ್ಲಿ ದಿನಾ ಅದೇ ಕೆಂಪಿನ ಕೆಳಗೆ ಕೆಲಸ ಮಾಡುವವರಿಗೆ ಮಾಳಿಗೆಯಲ್ಲಿ ಅದು ನೆನಪಾಗಲಿಲ್ಲ. ಹುಡುಗಿಯ ಅಜ್ಜಿ, ಎಲ್ಲರೂ ಗುಜರಾತಿಯಲ್ಲಿ ಅಮ್ಮ ಎಂಬರ್ಥದ 'ಬಾ' ಎಂದು ಕರೆಯುವವರು, ಮದುಮಗಳಿಗೆ ಕಪ್ಪು ಉಡಿಸಿದರಲ್ಲ ಎಂದು ಅತ್ತಿಗೆಯ ಹತ್ತಿರ ಮಾತೇ ಬಿಟ್ಟರು.

ಅತ್ತಿಗೆಗೆ ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ನನ್ನ ಬೀರು ತೆರೆದು, ನನ್ನ ಹಳೆಯ ತಿಳಿನೀಲಿ ನೂಲಿನ ಸೀರೆ ಎಳೆದುಕೊಂಡು ಮೇಲೆ ಹೋದರು. ಹುಡುಗಿಗೆ ಅದನ್ನು ಉಡಿಸಿ, ಮೇಲಿಂದ ಕೆಂಪು ದುಪಟ್ಟಾ ಹೊದೆಸಿ ಕೂರಿಸಿದರು. ಕೆಂಪು ಕಪ್ಪಾದರೆ ನೀಲಿ ಬಿಳಿಯಾಗಬೇಕಲ್ಲ. ಆಯಿತು. ಹಾಲಿನಂಥ ಬಿಳಿ ಸೀರೆ, ಅದರ ಮೇಲೆ ಗಾಢ ಸೆರಗು. ಬಾ ಕನ್ನಡಕ ಹಾಕಿಕೊಂಡು ನೋಡಿ, ಇದು ಸೋದರಮಾವ ಕೊಡುವ ಪಾನೇತರ್ ಸೀರೆ, ಬಿಳಿ ಮೈ, ಕೆಂಪು ಅಂಚು ಎಂದು ಚಿತ್ರಕ್ಕೆ ಮುತ್ತು ಕೊಟ್ಟರು. ಅದು ನನ್ನ ಪಾತ್ರೆ ತೊಳೆಯುವಾಗಿನ ಸೀರೆ ಎಂದು ಇವತ್ತಿನವರೆಗೆ ಅವರಿಗೆ ಯಾರೂ ಹೇಳಿಲ್ಲ.

ಎಕ್ಸ್‌ರೇ ಫಿಲ್ಮು ಮುಗಿಯುತ್ತ ಬಂದಂತೆ ಅತ್ತಿಗೆಯ ಕಣ್ಣು ಬೇರೆ ಬೇರೆ ಫಿಲ್ಮಿನ ಮೇಲೆ ಬಿತ್ತು. ಹಲ್ಲಿನ ಡಾಕ್ಟರರ ಹತ್ತಿರ ಬೆರಳಗಲದ ಫಿಲ್ಮು ಕೇಳಿ ತಂದು ಬೆಂಕಿಪೆಟ್ಟಿಗೆಯ ಕ್ಯಾಮರಾ ಮಾಡಿದರು. ಅದರಲ್ಲಿ ಬಂದ ನಮ್ಮ ಹೋಟೆಲು ಒಂದು ಬಾಚಿಹಲ್ಲಿನಷ್ಟಿತ್ತು.

ನಮ್ಮ ಮಗಳು ಸೂರತ್ತಿನಲ್ಲಿ, ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಒಂದು ಸೀರೆ ಛಾಪಿಸುವ ಕಾರ್ಖಾನೆಯಲ್ಲಿ ಡಿಸೈನಿನ ಕೆಲಸದಲ್ಲಿದ್ದಾಳೆ. ಸೀರೆಯ ಹೂಬಳ್ಳಿಯನ್ನು ಮೊದಲು ಒಂದು ಜಾತಿಯ ಫಿಲ್ಮಿನ ಮೇಲೆ ಇಳಿಸಿ, ಅದರಿಂದ ಛಾಪಿಸುವ ಪರದೆ ಮಾಡುವ ಪದ್ಧತಿ ಅಲ್ಲಿ ಇತ್ತಂತೆ. ಈಗ ಅದೂ ಕಡಿಮೆ. ಮೂಲೆಯಲ್ಲಿ ಹಳೆಯ ಪೆಟ್ಟಿಗೆಗಳಿವೆ ಎಂದು ಅವಳು ಫೋನಿನಲ್ಲಿ ಬಾಯಿ ತಪ್ಪಿ ಹೇಳಿದಳು. ಮರುದಿನ ಬೆಳಗಿನ ರೈಲಿಗೆ ಅತ್ತಿಗೆ ಹೊರಟೇಬಿಟ್ಟರು, ನನ್ನನ್ನೂ ಎಳೆದುಕೊಂಡು. ಮದುವೆಯಾಗಿ ಬಂದ ಮೇಲೆ ನಾನು ಹೋಟೆಲಿಗೆ ಬೆನ್ನು ಹಾಕಿ ಒಂದು ದಿನ ಪೂರ್ತಿ ಹೊರಗಿದ್ದದ್ದು ಬಹಳ ಕಡಿಮೆ.

ಮಗಳ ಕನ್ನಡ ಅರೆಬರೆ. ಸೋದರತ್ತೆಯನ್ನು ಗುಜರಾತಿಯಲ್ಲಿ ಫೋಯಿ ಎನ್ನುತ್ತಾಳೆ. "ಫೋಯಿ, ಇದು ಎಕ್ಸ್‌ಪೈರ್ ಆಗಿದೆ. ಕಿತ್ನೇ ವರ್ಷ ಆಯ್ತು ಗೊತ್ತಿಲ್ಲ. ಯಾರಿಗೂ ಯೂಸ್ ಇಲ್ಲ."

"ರಿಟೈರ್ ಆದ ಮೇಲೆ ನಾನೂ ಹಾಗೇ ಅಲ್ವಾ. ಜೋಡಿ ಸರಿಯಾಯ್ತು. ಕೊಡು ಇಲ್ಲಿ."

ಆ ಫಿಲ್ಮಿನ ಸ್ವಭಾವ ಕಪ್ಪು ಇಲ್ಲವೇ ಬಿಳಿ, ನಡುವೆ ಬೂದು ಇಲ್ಲ. ಅದರಲ್ಲಿ ಇವರ ಮುಖ ಚುನಾವಣೆಯ ಚಿಹ್ನೆಯ ಹಾಗೆ ಬಂತು. ಪ್ಯಾಕೆಟ್ಟಿನ ಕಾಫಿ ಅದಕ್ಕೆ ಬಹಳ ಖಡಕ್ಕು, ತೆಳು ಕಾಫಿಯಲ್ಲಿ ನಿಧಾನ ತೊಳೆದರೆ ಬೂದು ಬರಬಹುದು ಎಂದು ಅತ್ತಿಗೆಗೆ ಹೊಳೆಯಿತು. ಹೋಟೆಲಿನ ಪುಡಿಯಲ್ಲಿ ತೊಳೆದರು. ಎಷ್ಟು ಚಂದ ಬಂತೆಂದರೆ, ಬಿಸಿಲಲ್ಲಿ ಒಣಗಿಸಿದ ಸಂಡಿಗೆಯ ನೆರಳು ಕೂಡ ಮೆತ್ತಗೆ ಕಂಡಿತು. ಕೂಡಲೇ ಕೆಳಗಿಳಿದು ಗಲ್ಲಾದ ಮುಂದೆ ನಿಂತು, ತಮ್ಮಾ, ನಿನ್ನ ಕಾಫಿಗೆ ತಕ್ಕ ಫಿಲ್ಮು ಸೂರತ್ತಿನಲ್ಲಿ ಸಿಕ್ಕಿತು, ಇನ್ನು ಚಿಕೋರಿ ಕಡಿಮೆ ಮಾಡಬೇಡ ಎಂದರು. ಇವರಿಗೆ ಎಲ್ಲಿಲ್ಲದ ಖುಷಿ.

ಆದರೆ ಆ ಫಿಲ್ಮು ಬಹಳ ನಿಧಾನ. ಬಿಸಿಲಿನಲ್ಲೂ ಡಬ್ಬಿಯ ಕಣ್ಣು ತುಂಬ ಹೊತ್ತು ಬಿಟ್ಟುಕೊಂಡೇ ಇರಬೇಕು. ಅಷ್ಟು ಹೊತ್ತು ಅಲ್ಲಾಡದೆ ಕೂರುವವರು ಯಾರು? ಭಟ್ಟರು ಕೂತರೆ ಕೆಮ್ಮುತ್ತಾರೆ. ಇವರು ಕೂತರೆ ಫೋನು ಬರುತ್ತದೆ. ಮಗಳಿಗೆ ನಗು. ಅತ್ತಿಗೆ ನನ್ನನ್ನು ಕೂರಿಸಿದರು. ನಾನು ಕೂತೆ. ನನಗೆ ಅದು ಕಷ್ಟವೇ ಆಗಲಿಲ್ಲ.

ನಾನು ಓದಿದ್ದು ಹತ್ತನೆಯವರೆಗೆ. ಮಾತು ಕಡಿಮೆ. ಚಿಕ್ಕಂದಿನಿಂದ ನನ್ನನ್ನು ಎಲ್ಲರೂ ಕಲ್ಲಿನ ಹಾಗೆ ಕೂತಿರುತ್ತಾಳೆ ಎಂದೇ ಹೇಳಿದ್ದು. ನೋಡಲು ಬಂದ ಗಂಡಿನ ಕಡೆಯವರೂ ಹುಡುಗಿಗೆ ಮಾತು ಬರುತ್ತದಷ್ಟೆ ಎಂದು ಕೇಳಿದ್ದರು. ಅತ್ತಿಗೆ ಆ ಚಿತ್ರ ತೊಳೆದು ಹೊರಗೆ ಬಂದವರು ನನ್ನ ಮುಂದೆ ಹಿಡಿದರು. ನನ್ನ ಕಿವಿಯ ಓಲೆಯ ಹರಳು ಎಣಿಸಬಹುದಿತ್ತು.

"ಇಷ್ಟು ವರ್ಷ ಜನರಿಗೆ ಅಲ್ಲಾಡಬೇಡಿ, ಅಲ್ಲಾಡಬೇಡಿ ಅಂತ ಹೇಳಿ ಹೇಳಿ ನನ್ನ ಗಂಟಲು ಹೋಯ್ತು. ಹೇಳದೆ ಕೂತವಳು ನೀನೊಬ್ಬಳು. ಈ ಡಬ್ಬಿಗೆ ನಿನ್ನಂಥವಳೇ ಬೇಕು ಮಾರಾಯ್ತಿ."

ನನ್ನ ಈ ಗುಣವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಆಮೇಲೆ ನಾನು ಎಷ್ಟೋ ಮಧ್ಯಾಹ್ನ ಅವರಿಗಾಗಿ ಕೂತೆ. ಹಲಸಿನ ಹಪ್ಪಳದ ಡಬ್ಬಿಯ ಮುಂದೆ, ಬೆಂಕಿಪೆಟ್ಟಿಗೆಯ ಮುಂದೆ, ಎಣ್ಣೆಯ ದೊಡ್ಡ ಡಬ್ಬಿಯ ಮುಂದೆ. ಕೂತಾಗ ಅವರು ನನಗೆ ಆಸ್ಪತ್ರೆಯ ಕತೆ ಹೇಳುವರು. ನಗಿಸಿ, ನಗಬೇಡ ಎಂದು ಗದರುವರು. ಯಂತ್ರದ ಕೆಳಗೆ ಮಲಗಿದ ಕಾರ್ಮಿಕನೊಬ್ಬ ಶ್ವಾಸ್ ರೋಕೋ ಎಂದದ್ದಕ್ಕೆ ಉಸಿರು ಹಿಡಿದವನು, ಬಿಡು ಎಂದು ಹೇಳಲು ಅತ್ತಿಗೆಗೆ ಮರೆತುಹೋಗಿ, ಮುಖ ಬದನೆಕಾಯಿಯಾದ ಮೇಲೆ ಕೈಸನ್ನೆಯಲ್ಲಿ ಅಪ್ಪಣೆ ಕೇಳಿದ ಕತೆಗೆ ನಾನು ಹೊಟ್ಟೆಯೊಳಗೇ ನಕ್ಕಿದ್ದೇನೆ.

ಊರಿಗೆಲ್ಲ ಅಲ್ಲಾಡಬೇಡಿ ಎಂದ ಅತ್ತಿಗೆಗೆ ಮಾತ್ರ ಒಂದು ಕಡೆ ಕೂರಲು ಬಾರದು. ಊಟದ ಮಧ್ಯೆ ಉಪ್ಪು ತರಲು ಏಳುವರು. ಸತ್ಯನಾರಾಯಣ ಕತೆಯ ಮಧ್ಯೆ ಹಾಲು ನೋಡಲು ಏಳುವರು. ಮಾತಿನ ಮಧ್ಯೆ ಎದ್ದು ಹೋಗಿ, ಬಂದು ಕೂತು, ಬಿಟ್ಟ ಪದದಿಂದಲೇ ಮುಂದುವರಿಸುವರು. ನಾವು ಅದಕ್ಕೆ ಒಗ್ಗಿ, ಅವರು ಬರುವವರೆಗೆ ಸುಮ್ಮನೆ ಕಾಯುತ್ತಿದ್ದೆವು.

ಆ ಚಿತ್ರವೂ ಹಾಗೆ ಆದದ್ದು. ಒಂದು ಮಧ್ಯಾಹ್ನ, ಇಷ್ಟು ಚಿತ್ರ ತೆಗೆದಿರಿ, ನಿಮ್ಮದು ಒಂದೂ ಇಲ್ಲವಲ್ಲ ಎಂದೆ. ಹಾಗಾದರೆ ಇಬ್ಬರೂ ಕೂರುವ ಎಂದರು. ಹಿತ್ತಲಿನ ಮೆಟ್ಟಿಲ ಎದುರಿಗೆ ಸ್ಟೂಲಿನ ಮೇಲೆ ಇಂಗಿನ ಡಬ್ಬಿ ಇಟ್ಟು, ಸೂರತ್ತಿನ ಫಿಲ್ಮು ತುಂಬಿ, ಟೇಪು ಎತ್ತಿ ಓಡಿ ಬಂದು ನನ್ನ ಪಕ್ಕ ಕೂತರು. ನನ್ನ ಕೈ ಹಿಡಿದುಕೊಂಡರು, ತಮ್ಮ ಕೈ ಅಲ್ಲಾಡದಿರಲಿ ಎಂದು. ಒಳಗೆ ಒಲೆಯ ಮೇಲೆ ಕುಕ್ಕರಿನಲ್ಲಿ ತೊಗರಿಬೇಳೆ ಇತ್ತು. ಒಂದು ವಿಷಲ್ ಆಯಿತು. ಅತ್ತಿಗೆ ಕದಲಲಿಲ್ಲ. ಎರಡಾಯಿತು. ಅವರ ಕೈ ಬಿಗಿಯಾದದ್ದು ನನಗೆ ಗೊತ್ತಾಯಿತು. ಮೂರನೆಯದಕ್ಕೆ ಎದ್ದರು. ಗ್ಯಾಸು ಆರಿಸಿ, ಒಳಗೆ ಇನ್ನೂ ಏನೇನೋ ನೋಡಿ, ಬಂದು ಮತ್ತೆ ಕೂತು ನನ್ನ ಕೈ ಹಿಡಿದರು. ನಾನು ಅಲ್ಲಾಡಿರಲಿಲ್ಲ.

ಚಿತ್ರದಲ್ಲಿ ನಾನು ಗಟ್ಟಿಯಾಗಿದ್ದೇನೆ. ನನ್ನ ಪಕ್ಕದಲ್ಲಿ ಅತ್ತಿಗೆ ಇದ್ದಾರೆ, ಆದರೆ ಅವರ ಮೂಲಕ ಹಿಂದಿನ ಬಾಗಿಲಿನ ಚಿಲಕ ಕಾಣುತ್ತದೆ. ಸೆರಗಿನ ಮೂಲಕ ಗ್ಯಾಸಿನ ಸಿಲಿಂಡರು ಕಾಣುತ್ತದೆ. ಮುಖ ತೆಳು ಹೊಗೆಯ ಹಾಗೆ. ಆದರೆ ಗಲ್ಲದ ಮಚ್ಚೆ ಇದೆ, ಹುಡುಕಿದರೆ ಸಿಗುತ್ತದೆ. ಮಗಳು ಬಂದಾಗ ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಕಪ್ಪು ಬಿಳುಪು ಅದಲುಬದಲು ಮಾಡಿ ತೋರಿಸಿದಳು. ಅತ್ತಿಗೆ ನಕ್ಕಿದ್ದೇ ನಕ್ಕಿದ್ದು. ಬೇಳೆಯಾದರೂ ಉಳಿಯಿತಲ್ಲ ಎಂದರು.

ಕಳೆದ ಚಳಿಗಾಲದಲ್ಲಿ ಎದೆಯಲ್ಲಿ ನೋವೆಂದು ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಎಕ್ಸ್‌ರೇ ತೆಗೆಯಲು ಬಂದ ಹೆಣ್ಣುಮಗಳು ಶ್ವಾಸ್ ರೋಕೋ ಎಂದಳು. ಅತ್ತಿಗೆ ಮಲಗಿದಲ್ಲಿಂದಲೇ, ಮೊದಲು ಉಸಿರು ಎಳೆದುಕೊಳ್ಳಲು ಪುರುಸೊತ್ತು ಕೊಡು ಮಗಳೇ, ಆಮೇಲೆ ಹಿಡಿಯಲು ಹೇಳು ಎಂದು ಕಲಿಸಿದರು. ಅವಳು ನಕ್ಕು ಹಾಗೆಯೇ ಮಾಡಿದಳು. ಫಿಲ್ಮು ಇಲ್ಲವಾ ಎಂದು ಕೇಳಿದರು. ಇಲ್ಲ ಬೆನ್, ಎಲ್ಲ ಕಂಪ್ಯೂಟರು ಎಂದಳು. ಅತ್ತಿಗೆಗೆ ಅದೊಂದು ಬೇಸರ. ಎರಡು ದಿನ ಇದ್ದರು. ಮೂರನೆಯ ದಿನ ಬೆಳಿಗ್ಗೆ ನಾನು ಗಂಜಿ ತೆಗೆದುಕೊಂಡು ಹೋಗುವಷ್ಟರಲ್ಲಿ ಇಲ್ಲವಾಗಿದ್ದರು.

ಆ ಚಿತ್ರ ಗೋಡೆಗೆ ಬೇಡ ಎನ್ನಲು ಇವರು ಹೇಳಿದ ಕಾರಣ ಎರಡು. ಒಂದನೆಯದು, ಮುಖವೇ ಸರಿಯಾಗಿ ಇಲ್ಲ. "ಬಾಗಿಲಿಗೆ ಹಾರ ಹಾಕಿದ ಹಾಗೆ ಆಗ್ತದೆ." ಎರಡನೆಯದು ದೊಡ್ಡದು. ಆ ಚಿತ್ರದಲ್ಲಿ ನಾನಿದ್ದೇನೆ. ಮಾವ, ಅತ್ತೆಯ ಸಾಲಿನಲ್ಲಿ, ಬದುಕಿರುವವಳ ಫೋಟೋಕ್ಕೆ ಹಾರ ಹಾಕುವುದುಂಟೇ? "ನಿನ್ನನ್ನೂ ಸೇರಿಸಿ ಕಳಿಸುದಾ ನಾನು?" ಎಂದು ಕೇಳಿ ಇವರು ಸುತ್ತಿಗೆ ಕೆಳಗಿಟ್ಟರು. ಅದು ಹಟದ ಮಾತಲ್ಲ, ಹೆದರಿಕೆಯ ಮಾತು ಎಂದು ನನಗೆ ಗೊತ್ತಾಯಿತು.

ಮಗಳು ಕಂಪ್ಯೂಟರಿನಲ್ಲಿ ನನ್ನನ್ನು ತೆಗೆದುಹಾಕಿ ನೋಡಿದಳು. ನಾನು ಹೋದ ಕೂಡಲೇ ಅತ್ತಿಗೆಯೂ ಹೋದರು. ಬರೀ ಮೆಟ್ಟಿಲು, ಬಾಗಿಲು, ಸಿಲಿಂಡರು ಉಳಿಯಿತು. ಪಕ್ಕದಲ್ಲಿ ಗಟ್ಟಿಯಾಗಿ ಒಬ್ಬರು ಕೂತಿದ್ದರೆ ಮಾತ್ರ ಅಲ್ಲಿ ಇನ್ನೊಬ್ಬರಿದ್ದಾರೆ ಎಂದು ಕಣ್ಣಿಗೆ ಹೊಳೆಯುವುದು. ಫೋಯಿಯ ಮುಖ ಕ್ಲಿಯರ್ ಮಾಡಿ ಗುರುತಿನ ಚೀಟಿಯದನ್ನು ಕೂರಿಸಲಾ ಎಂದು ಕೇಳಿದಳು. ಬೇಡ ಎಂದೆ. ಹೀಗೆ ಸ್ಟುಡಿಯೋದ ಫೋಟೋ ಬೀರುವಿನಲ್ಲಿ, ಡಬ್ಬಿಯ ಫೋಟೋ ಲಕೋಟೆಯಲ್ಲಿ, ಮೊಳೆ ಗೋಡೆಯಲ್ಲಿ ಉಳಿದವು. ಇವರು ಒತ್ತಾಯ ಮಾಡಲಿಲ್ಲ, ನಾನು ಬಿಡಲಿಲ್ಲ. ಆ ಮೊಳೆಯ ಕಡೆ ನೋಡದೆ ಇಬ್ಬರೂ ಕೆಲಸ ಮಾಡಿದೆವು.

ಒಂದು ಮಧ್ಯಾಹ್ನ ನಾನು ಮೇಲೆ ಬಟ್ಟೆ ಮಡಚುತ್ತಿದ್ದೆ. ಇವರು ಸಂಜೆಯ ದೀಪಕ್ಕೆ ಎಣ್ಣೆ ಬಾಟಲಿ ಇಡಲು ಬಂದರು. ದೇವರ ಕೋಣೆಯ ಬಾಗಿಲು ಗಾಳಿಗೆ ಮುಚ್ಚಿಕೊಂಡಿತ್ತು. ಇವರು ಗಂಟೆ ಹೊಡೆದು ನಿಂತರು. ಬಾಟಲಿ ಕೈಯಲ್ಲಿ ಹಿಡಿದು, ಬಾಗಿಲ ಕಡೆ ಕಿವಿ ಕೊಟ್ಟು, ಒಳಗಿನಿಂದ "ಆಯ್ತು ಬಾ" ಬರುವುದನ್ನು ಕಾಯುತ್ತ ನಿಂತೇ ಇದ್ದರು. ಎಷ್ಟೋ ಹೊತ್ತಿನ ಮೇಲೆ ನೆನಪಾಗಿರಬೇಕು. ನಾನು ನೋಡಿದ್ದು ಅವರಿಗೆ ಗೊತ್ತಾಗದಿರಲಿ ಎಂದು ನಾನು ಬಟ್ಟೆಯ ಹಿಂದೆ ಸರಿದೆ.

ಆ ಸಂಜೆ ಇವರು ಲಕೋಟೆ ಕೇಳಿದರು. ನಾಲ್ಕು ದಿನ ಬಿಟ್ಟು ಚಿತ್ರ ಕಟ್ಟು ಹಾಕಿಸಿಕೊಂಡು ಬಂದು, ಸುತ್ತಿಗೆ ತೆಗೆದುಕೊಂಡರು. ಗಲ್ಲಾದ ಹಿಂದಿನ ಸಾಲಿಗಲ್ಲ. ಅಡುಗೆಮನೆಯ ಬಾಗಿಲ ಪಕ್ಕ, ಕಾಫಿ ಹೊರಗೆ ಬರುವ ಜಾಗದಲ್ಲಿ ಬೇರೆಯೇ ಒಂದು ಮೊಳೆ ಹೊಡೆದರು.

"ಹಾರ ಬೇಡ. ಇಲ್ಲಿ ಇರ್ಲಿ. ಇಬ್ಬರೂ ಇರ್ಲಿ."

ಮೂರನೆಯ ಮೊಳೆಯಲ್ಲಿ ಈಗ ಕ್ಯಾಲೆಂಡರು ಇದೆ.

ಮೊನ್ನೆ ಊಟದ ಗದ್ದಲ ಮುಗಿದ ಮೇಲೆ ಹೊಸ ಗಿರಾಕಿಯೊಬ್ಬರು ಬಂದು ಕಾಫಿ ಹೇಳಿ ಆ ಚಿತ್ರದ ಕೆಳಗೆ ಕೂತರು. ವಯಸ್ಸಾದ ಗುಜರಾತಿ. ತಲೆ ಎತ್ತಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಒಬ್ಬರು ಸರಿಯಾಗಿ ಕಾಣುತ್ತಾರೆ ಅಣ್ಣಾ, ಪಕ್ಕದಲ್ಲಿ ಇನ್ನೊಬ್ಬರಿದ್ದಾರಲ್ಲ, ಅವರು ಯಾರು, ಎಲ್ಲಿ ಹೋದರು ಎಂದು ಕೇಳಿದರು. ಇವರು ಗಲ್ಲಾದ ಡ್ರಾಯರು ಮುಚ್ಚುತ್ತ, ತಲೆ ಎತ್ತದೆ ಗುಜರಾತಿಯಲ್ಲೇ ಹೇಳಿದರು:

"ನಮ್ಮ ಅಕ್ಕ. ಕುಕ್ಕರು ನೋಡಲು ಎದ್ದಿದ್ದಾಳೆ. ಈಗ ಬರುತ್ತಾಳೆ."

ಗಿರಾಕಿ ಸರಿ ಎಂದು ತಲೆಯಾಡಿಸಿ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ನಾನು ಸೌಟು ಹಿಡಿದುಕೊಂಡು ನಿಂತಿದ್ದೆ. ಅಲ್ಲಾಡಲಿಲ್ಲ.